ತಂಬೂರಿ ಇಲ್ಲದ ಶಾಂತಲೆ

14 ಜುಲೈ 2025, ಸೋಮವಾರ
ಹಾಸನ, ರಾತ್ರಿ ಹತ್ತೂವರೆ

ಹೊಯ್ಸಳ ರಾಣಿ ಶಾಂತಲೆಯ ಸಿನಿಮಾಕ್ಕೆ ಸಂಗೀತ ಕೂಡಿಸೋ ಕೆಲಸ ನಡೀತಿದೆ. ಮುಖವೀಣೆ (ಊದೋ ಸಣ್ಣ ವಾದ್ಯ) ಯಜಮಾನ್ರು ಅರಸೀಕೆರೆ ಬಸ್ಸಿಗೆ ಹೊರಡೋ ಮುಂಚೆ ಬಾಗಿಲಲ್ಲಿ ನಿಂತು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ.

"ಅಲ್ಲ ಸಾ, ಆವಾಗ ತಂಬೂರಿನೇ ಇರ್ಲಿಲ್ಲ ಅಂತೀರಿ. ಹಂಗಾರೆ ಅಮ್ಮಾವ್ರು ಯಾವುದಕ್ಕೆ ಶ್ರುತಿ ಹಿಡಿದು ಹಾಡೋರು?"

ನಿರ್ದೇಶಕರ ಪಟ್ಟಿಯಲ್ಲಿ ತಂಬೂರಿ, ಸರಸ್ವತಿ ವೀಣೆ, ಪಿಟೀಲು, ತಬಲ ಎಲ್ಲ ಇವೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ, ಶಾಂತಲೆಯ ಕಾಲದಲ್ಲೇ. ಪಿಟೀಲು ನಮ್ಮ ಸಂಗೀತಕ್ಕೆ ಬಂದದ್ದು 1800ರ ಆಸುಪಾಸು. ಇಪ್ಪತ್ತನಾಲ್ಕು ಮೆಟ್ಟಿಲಿನ ಸರಸ್ವತಿ ವೀಣೆ 17ನೇ ಶತಮಾನದ್ದು. ತಂಬೂರಿಯಂತೂ ಶಾಂತಲೆ ಹೋಗಿ ಶತಮಾನಗಳಾದ ಮೇಲೆ ಬಂದ ವಾದ್ಯ. ಬೇಲೂರು, ಹಳೇಬೀಡಿನ ಗೋಡೆ ಮೇಲೆ ಸಿಗೋದು ಮದ್ದಳೆ, ನಡು ಸಣ್ಣಗಿರೋ ಕೈಚರ್ಮವಾದ್ಯ, ತಾಳ, ಕೊಳಲು, ಸೋರೆಬುರುಡೆ ಕಟ್ಟಿದ ಕೋಲುವೀಣೆ. ಅಷ್ಟರಲ್ಲೇ ಕೆಲಸ ಆಗಬೇಕು.

ಇದು ಬರೀ ಇತಿಹಾಸದ ಮಡಿ ಅಲ್ಲ. ತಂಬೂರಿ ಮೀಟಿದ ಕೂಡಲೇ ಕಣ್ಣಮುಂದೆ ರಾಮನವಮಿ ಪೆಂಡಾಲು ಬರುತ್ತೆ, ದೇವಸ್ಥಾನದ ಕಂಬಗಳ ಸಭಾಂಗಣ, ಆ ನವರಂಗದ ದುಂಡು ಕಲ್ಲುಜಗಲಿ ಬರಲ್ಲ.

ಯಜಮಾನ್ರಿಗೆ ಕೊಟ್ಟ ಉತ್ತರ: ಕೊಳಲು. ಶಾರ್ಙ್ಗದೇವನ ಸಂಗೀತಶಾಸ್ತ್ರದ ಗ್ರಂಥ ಸಂಗೀತರತ್ನಾಕರ 13ನೇ ಶತಮಾನದ್ದು, ಶಾಂತಲೆಗಿಂತ ನೂರು ವರ್ಷ ಈಚೆ. ಆದರೂ ಹತ್ತಿರದ ಸಾಕ್ಷಿ. ಕೊಳಲಿನವನ ಗುಣಗಳಲ್ಲಿ ಅವನು ಎರಡು ಹೇಳ್ತಾನೆ: ಹಾಡುವವರಿಗೆ ಸ್ಥಾನ, ಅಂದರೆ ಸ್ವರದ ನೆಲೆ ಕೊಡೋದು, ಅವರ ದೋಷ ಮುಚ್ಚೋದು.

ಯಜಮಾನ್ರು ಜೋರಾಗಿ ನಕ್ಕರು. "ಮುಚ್ಚೋ ಕೆಲಸ ಈಗ್ಲೂ ನಮ್ದೇ ಬುಡಿ. ಆದ್ರೆ ಒಬ್ಬನ ಕೈಲಿ ಆಗಲ್ಲ. ಇಬ್ಬರು ಬೇಕು. ಒಬ್ಬ ಉಸಿರು ತಗಳೋದು ಇನ್ನೊಬ್ಬನ ಊದಿನೊಳಗೆ ಅಡಗಬೇಕು."

ಸ್ಟುಡಿಯೋದಲ್ಲಿ ಇದನ್ನು ಹೀಗೆ ಹಿಡಿಯಬೇಕು. ಹಾಡುವಾಕೆಯ ಶ್ರುತಿ ಕೀಬೋರ್ಡಿನ ಜಿ, ಅಂದರೆ 196 ಹರ್ಟ್ಸ್; ಕೊಳಲಿನಲ್ಲಿ ಅದರ ಮೇಲಿನ ಸ್ಥಾಯಿ, 392. ಇಬ್ಬರು ಕೊಳಲಿನವರು, ಇಬ್ಬರೂ ಬರೀ ಷಡ್ಜ, ಅಂದರೆ ಸ. ಒಬ್ಬೊಬ್ಬರ ಊದು ಎಂಟು ಹತ್ತು ಸೆಕೆಂಡು. ಎರಡನೆಯವನು ಶುರು ಮಾಡೋದು ಮೊದಲನೆಯವನ ಊದಿನ ನಟ್ಟನಡುವೆ. ಮೊದಲ ಹತ್ತು ನಿಮಿಷ ರೆಕಾರ್ಡ್ ಮಾಡಬಾರದು. ಬಿದಿರು ತಣ್ಣಗಿದ್ದಾಗ ಸ್ವರ ಇಳಿದಿರುತ್ತೆ, ಉಸಿರಿನ ಬಿಸಿಗೆ ಏರುತ್ತೆ. ತಣ್ಣಗಿದ್ದಾಗ ಹಿಡಿದ ಟೇಕಿಗೆ ಆಮೇಲಿನ ಟೇಕು ಅಂಟಲ್ಲ. ಇಬ್ಬರ ನಡುವೆ ಐದು ಸೆಂಟ್ಸ್ (ಸ್ವರದ ಅಂತರ ಅಳೆಯೋ ಸಣ್ಣ ಮಾನ) ವ್ಯತ್ಯಾಸ ಉಳಿದರೆ ತಿದ್ದೋಕೆ ಹೋಗಬಾರದು: ಸೆಕೆಂಡಿಗೆ ಒಂದು ಅಲೆ ಏಳುತ್ತೆ, ಅದೇ ಜೀವ. ಹದಿನೈದಾದರೆ ಮೂರೂವರೆ ಅಲೆ, ಕೇಳುವವರ ಹಲ್ಲು ಜುಮ್ಮೆನ್ನುತ್ತೆ. ಚಿಕ್ಕ ತುಂಡು ಕತ್ತರಿಸಿ ಸುತ್ತಿಸೋ ಸೋಮಾರಿತನವೂ ಬೇಡ, ಇಪ್ಪತ್ತು ಸೆಕೆಂಡಿಗಿಂತ ಸಣ್ಣ ಸುತ್ತನ್ನು ಕಿವಿ ಹಿಡಿದುಬಿಡುತ್ತೆ. ಮೂರು ನಿಮಿಷ ಒಂದೇ ಸಮ ಊದಿಸೋದೇ ವಾಸಿ.

ಇದರ ಕೆಳಗೆ ಕೀಬೋರ್ಡಿನ ತಂತಿನಾದ ಹಾಸಬೇಕು ಅನ್ನೋ ಆಸೆ ಎಲ್ಲರಿಗೂ. ಗಾಂಧಾರ (ಗ) ಇರೋ ರಾಗದಲ್ಲಿ ಅದು ಕೈಕೊಡುತ್ತೆ. ಕೊಳಲಿನವನು ಕಿವಿಯಲ್ಲಿ ಹಿಡಿದ ಅಂತರಗಾಂಧಾರ (ಮೇಲಿನ ಗ) 490 ಹರ್ಟ್ಸಿಗೆ ನಿಂತರೆ ಕೀಬೋರ್ಡಿನದು 493.9. ಸೆಕೆಂಡಿಗೆ ನಾಲ್ಕು ಸಲ ನಡುಗುತ್ತೆ. ಗಾಯಕಿಯ ಶ್ರುತಿ ತಪ್ಪಿತು ಅಂತ ಆಕೆಯ ಮೇಲೆ ಗೂಬೆ ಕೂರಿಸ್ತಾರೆ. ಗಾಂಧಾರವೇ ಇಲ್ಲದ ರಾಗ ಅಂದ್ರೆ ಮಧ್ಯಮಾವತಿ. ಸುಲಭದ ದಾರಿ, ಆದರೆ ನಮ್ಮ ಜನಕ್ಕೆ ಮಧ್ಯಮಾವತಿ ಕೇಳಿದರೆ ಕಚೇರಿ ಮುಗೀತು, ಚಪ್ಪಲಿ ಹುಡುಕೋಣ ಅನ್ಸುತ್ತೆ. ಇಂಟರ್ವಲ್‌ಗೆ ಮುಂಚೆ ಅದು ಬರಬಾರದು. ಹಾಸು ಬೇಕೇ ಬೇಕು ಅಂದ್ರೆ ಸ, ಪ ಎರಡೇ ಸಾಕು.

ಕರೆಂಟು ಹೋಗಿ ಬಂತು. ಮಳೆ.

ಮಳೆ ಅಂದಕೂಡಲೇ ಮದ್ದಳೆ. ಜುಲೈನಲ್ಲಿ ಚರ್ಮ ತೇವ ಕುಡಿದು ಸಡಿಲ ಆಗುತ್ತೆ. ಬಲಮುಖವನ್ನು ಷಡ್ಜಕ್ಕೆ ಎತ್ತಿದರೆ ಹತ್ತು ನಿಮಿಷದಲ್ಲಿ ಇಳಿದಿರುತ್ತೆ. ಅರವತ್ತು ವ್ಯಾಟಿನ ಹಳೇ ಬಲ್ಬು ಒಂದಡಿ ದೂರ ಉರಿಸಿ ಇಟ್ಟರೆ ಸುಮಾರಾಗಿ ನಿಲ್ಲುತ್ತೆ. ತೀರಾ ಹತ್ತಿರ ಇಟ್ಟರೆ ಕರಣೆ (ಬಲಮುಖದ ಕಪ್ಪು ಲೇಪ) ಬಿರಿಯುತ್ತೆ.

ನವರಂಗದ ನೃತ್ಯಕ್ಕೆ ನಿಮಿಷಕ್ಕೆ 72 ಪೆಟ್ಟು ಅಂತ ಗಟ್ಟಿ ಮಾಡಿದ್ದಾಯ್ತು. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಪೆಟ್ಟಿಗೆ ಸರಿಯಾಗಿ 20 ಫ್ರೇಮು, ಎಂಟು ಪೆಟ್ಟಿನ ಆದಿತಾಳದ ಒಂದು ಸುತ್ತಿಗೆ, ಅಂದರೆ ಆವರ್ತಕ್ಕೆ, 160. ಎಂಬತ್ತು ಸೆಕೆಂಡಿನ ನೃತ್ಯ ಹನ್ನೆರಡು ಆವರ್ತಕ್ಕೆ ಚೊಕ್ಕವಾಗಿ ಕೂರುತ್ತೆ. ಸಂಕಲನಕಾರರು ಪ್ರತಿ ಕಟ್ಟನ್ನೂ ಸಮಕ್ಕೇ (ಆವರ್ತದ ಮೊದಲ ಪೆಟ್ಟಿಗೇ) ಹಾಕಿದರೆ ಮಾತ್ರ ಡ್ರಿಲ್ಲು ಥರ ಕಾಣುತ್ತೆ. ಇನ್ನೊಂದು ಗುಂಡಿ: ಎಲ್ಲೋ ಒಂದು ಕಡೆ ಫೈಲನ್ನು 25 ಫ್ರೇಮಿನ ವೇಗಕ್ಕೆ ಓಡಿಸಿಬಿಟ್ಟರೆ ಎಂಬತ್ತು ಸೆಕೆಂಡು 76.8 ಆಗುತ್ತೆ, ಶ್ರುತಿ ಎಪ್ಪತ್ತು ಸೆಂಟ್ಸ್ ಮೇಲೆ ಹಾರುತ್ತೆ. ಕಾಲು ತಾಳಕ್ಕೆ ಸರಿಯಾಗೇ ಬೀಳ್ತಿರುತ್ತೆ, ಹಾಗಾಗಿ ಯಾರಿಗೂ ತಿಳಿಯಲ್ಲ. ಅದರ ಮೇಲೆ ಹೊಸದಾಗಿ ಕೊಳಲು ಊದಿಸೋಕೆ ಹೋದಾಗ ಬಣ್ಣ ಬಯಲು.

ಆದರೆ ನೃತ್ಯದ ಯೋಚನೆ ಇಲ್ಲ ಈಗ. ಶಾಂತಲೆ ಅಂದರೆ ಎಲ್ಲರಿಗೂ ಗೆಜ್ಜೆ, ದರ್ಪಣಸುಂದರಿ. ಸವತಿಯರ ಪಾಲಿಗೆ ಮದ್ದಾನೆ ಅನ್ನೋ ಬಿರುದು ಹೊತ್ತವಳು, ಅದೇ ಹೆಸರಲ್ಲಿ 1123ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಸದಿ ಕಟ್ಟಿಸಿದವಳು. ಆ ಸವತಿಗಂಧವಾರಣ ಬಸದಿಯ ದೃಶ್ಯಕ್ಕೆ ಪಟ್ಟಿಯಲ್ಲಿ ಬರೆದಿರೋದು "ಭಕ್ತಿ, 40 ಸೆಕೆಂಡು" ಅಷ್ಟೇ. 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಹೋಗಿ ಸನ್ಯಸನ ವ್ರತ ಹಿಡಿದು, ಉಪವಾಸದಲ್ಲಿ ದೇಹ ಬಿಟ್ಟದ್ದು ಶಾಸನದಲ್ಲಿದೆ. ಅಲ್ಲಿಗೆ ಪಟ್ಟಿ ಹೇಳೋದು "ದುಃಖದ ಕೋರಸ್". ಮಗಳನ್ನು ಕಳಕೊಂಡ ಮುದುಕಿ ಅನ್ನ ಬಿಟ್ಟು ಕೂತಿರೋ ಕಡೆ ಇಪ್ಪತ್ತು ಜನ "ಆ..." ಅನ್ನೋದೇ?

ಅಲ್ಲಿಗೆ ಕೋರಸ್ಸು ಬೇಡ, ಮದ್ದಳೆ ಬೇಡ, ತಾಳವೂ ಬೇಡ. ನವರಂಗದಲ್ಲಿ ಮಗಳ ಹಾಡಿನ ಕೆಳಗೆ ಹಿಡಿದಿದ್ದ ಅದೇ ಎರಡು ಕೊಳಲು, ಅದೇ ಷಡ್ಜ. ಮೊದಲ ಅರ್ಧ ನಿಮಿಷ ಇಬ್ಬರೂ. ಆಮೇಲೆ ಒಬ್ಬನೇ. ಆಗ ಉಸಿರು ತಗೊಳ್ಳೋ ಸಂದು ಕೇಳುತ್ತೆ, ಅಡಗಿಸೋಕೆ ಇನ್ನೊಬ್ಬ ಇಲ್ಲ. ಮೈಕು ಒಂದೂವರೆ ಅಡಿಯಲ್ಲಿದ್ದರೆ ಎಳೆದುಕೊಳ್ಳೋ ಗಾಳಿಯೂ ಬರುತ್ತೆ. ಮಿಕ್ಸಿಂಗಿನವರು ಅದನ್ನು ಗಲೀಜು ಅಂತ ಒರೆಸಿಹಾಕ್ತಾರೆ, ಆ ಟ್ರ್ಯಾಕಿನ ಹೆಸರಲ್ಲೇ "ಉಸಿರು ತೆಗೀಬೇಡಿ" ಅಂತ ಬರೆದಿಡಬೇಕು. ಮೊದಲ ಸಂದು 12 ಫ್ರೇಮು, ಮುಂದಿನದು 24, ಆಮೇಲೆ 48. ನಾಲ್ಕನೆಯದಕ್ಕೆ ಲೆಕ್ಕದ ಪ್ರಕಾರ 96, ನಾಲ್ಕು ಸೆಕೆಂಡು. ಅಷ್ಟು ಹೊತ್ತು ಪರದೆ ಸದ್ದಿಲ್ಲದೆ ನಿಂತರೆ ಟಾಕೀಸಿನಲ್ಲಿ ಸೌಂಡ್ ಹೋಯ್ತು ಅಂತ ಸಿಳ್ಳೆ ಬೀಳುತ್ತೆ. ಕೆಳಗೆ ಬೆಟ್ಟದ ಗಾಳಿ ಇಟ್ಟರೆ ಬಚಾವ್. ಆದರೆ ಗಾಳಿಯೇ ಉಸಿರಿನ ಥರ ಕೇಳಿಬಿಟ್ಟರೆ, ನಾಳೆ ಯಜಮಾನ್ರಿಗೆ ಫೋನ್ ಮಾಡಿ, ಅವರ ಮುಖವೀಣೆಯಲ್ಲೇ ಒಂದು ಸಲ