ಆರ್‌ಎಕ್ಸ್ 100: ಪೆಡಲ್ ಕಲ್ಲು, ಬ್ರೇಕ್ ಬೆಣ್ಣೆ

ದೇವರಾಯನದುರ್ಗದ ಇಳಿಜಾರಿನಲ್ಲಿ ಹಸುವೊಂದು ಸಾವಕಾಶವಾಗಿ ರಸ್ತೆ ದಾಟುತ್ತಿತ್ತು. ಹಿಂದಿನ ಬ್ರೇಕ್ ಒತ್ತಿದೆ. ನನ್ನ ಹಳೆಯ ಯಮಹಾ ಆರ್‌ಎಕ್ಸ್ 100 ಬೈಕು ಮನವಿಯನ್ನು ಪರಿಶೀಲನೆಗೆ ತೆಗೆದುಕೊಂಡಿತು, ಅಷ್ಟೇ. ಮುಂದಿನ ಬ್ರೇಕ್ ಕೈಕೊಡದಿದ್ದುದರಿಂದ ಹಸುವೂ ಉಳಿಯಿತು, ನಾನೂ ಉಳಿದೆ. ಟೂ-ಸ್ಟ್ರೋಕ್ ಓಡಿಸುವವರಿಗೆ ಹೇಳಬೇಕಾಗಿಲ್ಲ: ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಹಿಡಿದು ನಿಲ್ಲಿಸುವುದು ಅಷ್ಟಕ್ಕಷ್ಟೇ.

ಚಕ್ರ ಬಿಚ್ಚಿದ ಕಥೆ ಬೇಡ. ಬ್ರೇಕ್ ಒತ್ತಿದಾಗ ಎರಡು ಅರೆಚಂದ್ರದ ‘ಶೂ’ಗಳು ಅಗಲಿ, ಚಕ್ರದೊಂದಿಗೆ ತಿರುಗುವ ಡ್ರಮ್ಮಿನ ಒಳಮೈಗೆ ಉಜ್ಜುತ್ತವೆ; ಶೂ ಮೇಲಿನ ಉಜ್ಜುವ ಪಟ್ಟಿಯೇ ಲೈನರ್. ಚಕ್ರದ ನಡುವಿನ ಹಬ್ಬಿನ ಸೀಲ್ ಸೋರಿರಲಿಲ್ಲ, ಲೈನರಿಗೆ ಜಿಡ್ಡು ತಾಗಿರಲಿಲ್ಲ. ಮೇಲ್ಮೈ ಮಾತ್ರ ಗಾಜಿನಂತೆ ಹೊಳೆಯುತ್ತಿತ್ತು. ಶೂ ಬದಲಾಯಿಸಿದರೆ ಮುಗಿಯಿತು ಎಂದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿಂದ ಶುರುವಾಯಿತು ಶನಿಕಾಟ.

ಮೊದಲನೆಯ ಜೋಡಿ ಪಿನ್ನಿನ ಮೇಲೆ ಕೂರಲೇ ಇಲ್ಲ. ಎರಡನೆಯದು ಕೂತಿತು, ಆದರೆ ಒಂದು ಶೂನ ಲೈನರ್ 4 ಮಿ.ಮೀ., ಇನ್ನೊಂದರದು ಮೂರೂವರೆಯೂ ಇಲ್ಲ. ಒಂದೇ ಡಬ್ಬಿಯಲ್ಲಿ ಹುಟ್ಟಿದ ಅಣ್ಣ ತಮ್ಮ, ಒಬ್ಬ ದಪ್ಪ, ಒಬ್ಬ ಸಣಕಲು. ಡಬ್ಬಿಯ ಮೇಲೆ ಮಿರಮಿರ ಮಿಂಚುವ ಹೊಲೊಗ್ರಾಮ್ ಬೇರೆ. ಮೂರನೆಯದು ನೋಡಲು ಚೆನ್ನಾಗಿತ್ತು, ಹಿಡಿಯುವುದರಲ್ಲಿ ಹಳೆಯದಕ್ಕಿಂತ ಕಡೆ. ಅಂಗಡಿಯವರಿಗೆ ಫೋನ್ ಮಾಡಿದರೆ, “ಓಡಿಸುತ್ತಾ ಓಡಿಸುತ್ತಾ ಕೂರುತ್ತದೆ ಸಾರ್” ಎಂದರು. ಇನ್ನೂರು ಕಿಲೋಮೀಟರ್ ಓಡಿಸಿದೆ. ಕೂರಲಿಲ್ಲ.

ಆಮೇಲೆ ಕ್ಯಾಮ್ ಲಿವರ್ ಮೇಲೆ ಕಣ್ಣು ಬಿತ್ತು. ಪೆಡಲಿನ ರಾಡ್ ಈ ಲಿವರನ್ನು ಎಳೆದರೆ ಒಳಗಿನ ಕ್ಯಾಮ್ ತಿರುಗಿ ಶೂಗಳನ್ನು ಅಗಲಿಸುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಲಿವರಿಗೂ ರಾಡಿಗೂ ನಡುವಿನ ಕೋನ 90 ಡಿಗ್ರಿ ದಾಟಿ ಹೋಗುತ್ತಿತ್ತು. ದಾಟಿದ ಮೇಲೆ ಕಾಲಿನ ಬಲ ಪೋಲು. ಲಿವರ್ ಕಳಚಿ ಕ್ಯಾಮಿನ ದಂಡದ ಮೇಲೆ ಒಂದು ಹಲ್ಲು ಹಿಂದಕ್ಕೆ ಕೂರಿಸಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಖುಷಿಯಿಂದ ಮನೆಯ ಹಿಂದಿನ ಖಾಲಿ ರಸ್ತೆಗೆ ಹೋಗಿ, ಸುಣ್ಣದ ಗೆರೆ ಎಳೆದು, 30 ಕಿ.ಮೀ. ವೇಗದಲ್ಲಿ ಬರೀ ಹಿಂದಿನ ಬ್ರೇಕ್ ಒತ್ತಿದೆ. ಗೆರೆಯಿಂದ 23 ಹೆಜ್ಜೆ ಆಚೆ ನಿಂತಿತು. ಪೆಡಲ್ ಒತ್ತಿ ಹಿಡಿದುಕೊಂಡೇ ಆಕ್ಸೆಲ್ ನಟ್ ಬಿಗಿದು, ಶೂಗಳು ಕೂತಿರುವ ಬ್ರೇಕ್ ಪ್ಲೇಟನ್ನು ನಡುವಿಗೆ ತಂದ ಮೇಲೆ 22. ಬಚ್ಚಲ ಬಾಗಿಲಲ್ಲಿ ಹಲ್ಲಿ ಲೊಚಗುಟ್ಟಿತು. ಅದಕ್ಕೂ ಗೊತ್ತಿತ್ತು ಎಂದು ಕಾಣುತ್ತದೆ.

ಕೊನೆಗೆ ಮಗಳ ಸ್ಲೇಟಿನ ಪಕ್ಕದಲ್ಲಿದ್ದ ಬಳಪವೇ ದಾರಿ ತೋರಿಸಿತು. ಲೈನರಿನ ಮೇಲೆಲ್ಲ ಬಳಪ ಉಜ್ಜಿ, ಚಕ್ರ ಹಾಕಿ, ಬ್ರೇಕನ್ನು ತುಸುವೇ ತಾಗಿಸಿ ನಾಲ್ಕು ಸುತ್ತು ತಿರುಗಿಸಿ ಬಿಚ್ಚಿದೆ. ಪ್ರತಿ ಶೂನ ನಟ್ಟನಡುವೆ ಎರಡು ಬೆರಳಗಲ ಮಾತ್ರ ಬಳಪ ಅಳಿಸಿತ್ತು. ಎರಡೂ ತುದಿಗಳು ಹಚ್ಚಿದಂತೆಯೇ ಬೆಳ್ಳಗೆ. ಅಂದರೆ ಇಷ್ಟು ದಿನ ನನ್ನನ್ನು ನಿಲ್ಲಿಸುತ್ತಿದ್ದದ್ದು ಎರಡು ಬೆರಳಿನಷ್ಟು ಲೈನರ್.

ಪರಿಚಯದ ಲೇತ್ ಯಜಮಾನರಿಗೆ ತೋರಿಸಿದೆ. ಶೂ ಕಡೆ ತಿರುಗಿಯೂ ನೋಡದೆ, ಡ್ರಮ್ಮಿನೊಳಗೆ ಉಗುರು ಎಳೆದು, “ಸ್ವಾಮಿ, ಇದನ್ನು ಯಾರೋ ಆಗಲೇ ಕಡೆದಿದ್ದಾರೆ, ಅಳತೆ ನೋಡಿದ್ದೀರಾ?” ಎಂದು ಕೇಳಿದರು. ನೋಡಿರಲಿಲ್ಲ. ಮನೆಯಲ್ಲಿ ಕೂದಲೆಳೆ ಅಳೆಯುವ ವರ್ನಿಯರ್ ಇಟ್ಟುಕೊಂಡು ಮೂರು ಜೋಡಿ ಶೂ ಕೊಂಡವನು ನಾನು. ಡ್ರಮ್ಮಿನ ಒಳವ್ಯಾಸ ಹೊಸದರಲ್ಲಿ 130 ಮಿ.ಮೀ. ಇರಬೇಕಾದದ್ದು 130.9 ಇತ್ತು. ಸವೆತದ ಮಿತಿಯೇ 131. ಹಿಂದಿನ ಮಾಲೀಕರು ಗೀರು ತೆಗೆಸಲು ಲೇತಿಗೆ ಕೊಟ್ಟಿರಬೇಕು. ದೊಡ್ಡ ಬಾಣಲೆಯೊಳಗೆ ಸಣ್ಣ ಬಟ್ಟಲು ಇಟ್ಟಂತೆ, 130ಕ್ಕೆ ಮಾಡಿದ ಶೂ ನಡುವಿನಲ್ಲಷ್ಟೇ ತಾಗುತ್ತಿತ್ತು. ಲಿವರ್ 90 ದಾಟುತ್ತಿದ್ದುದಕ್ಕೂ ಅದೇ ಕಾರಣ: ಶೂಗೂ ಡ್ರಮ್ಮಿಗೂ ದೂರ ಹೆಚ್ಚಾದಷ್ಟೂ ಕ್ಯಾಮ್ ಹೆಚ್ಚು ತಿರುಗಬೇಕು. ಹಲ್ಲು ಬದಲಾಯಿಸಿ ನಾನು ಜ್ವರವನ್ನು ಬಿಟ್ಟು ಥರ್ಮಾಮೀಟರನ್ನು ಸರಿಪಡಿಸಿದ್ದೆ.

ಡ್ರಮ್ ಹಬ್ಬಿನದೇ ಭಾಗ, ಹೊಸ ಹಬ್ ಹಾಕಿಸಬಹುದಿತ್ತು. ಅದಕ್ಕೆ ಕಡ್ಡಿ ಬಿಚ್ಚಿ ಮತ್ತೆ ಚಕ್ರ ಕಟ್ಟಿಸಬೇಕು, ಸಿಗುವ ಹಬ್ಬಿನ ಗುಣಮಟ್ಟವೂ ಆ ಅಣ್ಣ ತಮ್ಮಂದಿರಂತೆಯೇ. ಅದರ ಬದಲು ಬಿಸಾಡದೆ ಇಟ್ಟಿದ್ದ ಹಳೆಯ ಶೂಗಳಿಗೆ ದಪ್ಪ ಲೈನರ್ ಅಂಟಿಸಲು ಕೊಟ್ಟೆ.

ಎರಡು ದಿನ ಕಾಯಬೇಕಾಯಿತು. ಸುಮ್ಮನಿರಲಾರದೆ ಮೈಸೂರಿನ ಚಿಕ್ಕಪ್ಪನ ಶೆಡ್ಡಿನಲ್ಲಿರುವ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಬೇಕಾದ ಬಿಡಿಭಾಗಗಳ ಪಟ್ಟಿ ಮಾಡಿದೆ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಕಿಕ್ಕರೇ ಗೇರ್ ಲಿವರ್. ಆ ಗಾಡಿಯ ತರ್ಕವೇ ಬೇರೆ. ಹುಟ್ಟಿದ ಊರಿನಲ್ಲೇ ತುಕ್ಕು ಹಿಡಿಯುತ್ತಿದೆ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿದ್ದೂ 1996ರಲ್ಲೇ. ಚಿಕ್ಕಪ್ಪ ಕೊಡುತ್ತಾರೋ ಇಲ್ಲವೋ, ಕಾರ್ಬುರೇಟರ್ ಕಿಟ್ ಮಾತ್ರ ತರಿಸಿಟ್ಟಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಶೂಗಳು ಬಂದವು. ಯಜಮಾನರು ಅವುಗಳನ್ನು ಬ್ರೇಕ್ ಪ್ಲೇಟಿನ ಮೇಲೆಯೇ ಕೂರಿಸಿ, ಸ್ಪ್ರಿಂಗ್ ಹಾಕಿ, ಹಾಗೆಯೇ ಲೇತಿಗೆ ಕಟ್ಟಿ 130.7ಕ್ಕೆ ಕಡೆದರು. ಇಬ್ಬರೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡಿದ್ದೆವು. ಲೈನರಿನ ಪುಡಿ ಪುಪ್ಪುಸಕ್ಕೆ ಒಳ್ಳೆಯದಲ್ಲ, ಬಾಯಿಂದ ಊದುವ ಅಭ್ಯಾಸವಿರುವವರು ಬಿಡಿ. ಮತ್ತೆ ಬಳಪ ಉಜ್ಜಿದೆ. ಈ ಸಲ ತುದಿಯಿಂದ ತುದಿಗೆ ಅಳಿಸಿತು. ಲಿವರನ್ನು ಹಳೆಯ ಹಲ್ಲಿಗೇ ತಂದೆ, ಕೋನ 90ರೊಳಗೇ ನಿಂತಿತು.

ಅದೇ ರಸ್ತೆ, ಅದೇ ಸುಣ್ಣದ ಗೆರೆ: 14 ಹೆಜ್ಜೆ. ಒಮ್ಮೆ ಜೋರಾಗಿ ಒತ್ತಿದರೆ ಚಕ್ರ ಕಟ್ಟಿಕೊಂಡು ರಸ್ತೆಯ ಮೇಲೆ ಕಪ್ಪು ಗೀರು ಬಿತ್ತು. ಕೀಚಲು ಸದ್ದು ಬರುತ್ತಿತ್ತು, ಲೈನರಿನ ಅಂಚನ್ನು ಅರದಿಂದ ಓರೆ ಮಾಡಿದ ಮೇಲೆ ಅದೂ ನಿಂತಿತು. ಡ್ರಮ್ಮಿಗೆ ಇನ್ನು ಕೂದಲೆಳೆಯಷ್ಟೇ ಆಯುಷ್ಯ. ಭಾನುವಾರ ಮತ್ತೆ ದುರ್ಗದ ಕಡೆ ಹೊರಟಿದ್ದೇನೆ. ಹಸು ಎಲ್ಲಿ ದಾಟುತ್ತದೆಂದು ಈಗ ಗೊತ್ತು.