ಬೇಸ್‌ಬಾಲ್ ಅಡ್ಡಹೆಸರುಗಳ ಚೀಟಿಪೆಟ್ಟಿಗೆ: ಐದನೆಯ ತಿಂಗಳು

ಅಮೆರಿಕದ ಬೇಸ್‌ಬಾಲ್ ಆಟಗಾರರ ಮತ್ತು ತಂಡಗಳ ಅಡ್ಡಹೆಸರುಗಳನ್ನು, ಅವು ಹುಟ್ಟಿದ ಸಂದರ್ಭದ ಸಮೇತ, ಕನ್ನಡದಲ್ಲಿ ಚೀಟಿಗಳ ಮೇಲೆ ಬರೆದಿಡುವ ನನ್ನ ಕೆಲಸ ಐದನೆಯ ತಿಂಗಳಿಗೆ ಕಾಲಿಟ್ಟಿದೆ. ಈ ತಿಂಗಳು ಹೊಸ ಚೀಟಿ ಬರೆದದ್ದಕ್ಕಿಂತ ಹಳೆಯವನ್ನು ಬಿಚ್ಚಿ ಮತ್ತೆ ಜೋಡಿಸಿದ್ದೇ ಹೆಚ್ಚು. ಮೊದಲು ಎಲ್ಲವನ್ನೂ ಅಕಾರಾದಿಯಾಗಿ ಇಟ್ಟಿದ್ದೆ. ಈಗ ಹೆಸರಿಟ್ಟವರು ಯಾರು ಎಂಬುದನ್ನು ನೋಡಿ ವಿಂಗಡಿಸುತ್ತಿದ್ದೇನೆ. ಹೊಗಳಿ ಕೊಟ್ಟದ್ದು ಬಿರುದು, ಜೊತೆಗಾರರು ಕರೆದದ್ದು ಅಡ್ಡಹೆಸರು. ಕನ್ನಡದಲ್ಲಿ ಈ ಎರಡು ಪದಗಳು ಬೇರೆಬೇರೆಯಾಗಿಯೇ ಇರುವುದರಿಂದ ನನ್ನ ಕೆಲಸ ಹಗುರಾಯಿತು.

ಬೇಬ್ ರೂತ್ ಅವರ ಒಂದು ಚೀಟಿ ಹೀಗೆ ಎರಡಾಯಿತು. 1914ರಲ್ಲಿ ಬಾಲ್ಟಿಮೋರ್ ತಂಡದ ಒಡೆಯ ಜಾಕ್ ಡನ್ ಹತ್ತೊಂಬತ್ತರ ಆ ಹುಡುಗನನ್ನು ಕರೆತಂದಾಗ ಉಳಿದ ಆಟಗಾರರು ‘ಜಾಕನ ಹೊಸ ಮಗು (ಬೇಬ್)’ ಎಂದು ರೇಗಿಸಿದ್ದು ಅಡ್ಡಹೆಸರಿನ ಕಟ್ಟಿಗೆ ಸೇರಿತು. ‘ಸುಲ್ತಾನ್ ಆಫ್ ಸ್ವಾಟ್’ (ಬಲವಾದ ಹೊಡೆತಗಳ ಸುಲ್ತಾನ) ಬಿರುದಿನ ಕಟ್ಟಿಗೆ ಹೋಯಿತು. ಯೋಗಿ ಬೆರಾ ಅವರ ಚೀಟಿಗೆ ಅರ್ಥ ಬರೆಯುವ ಅಗತ್ಯವೇ ಬೀಳಲಿಲ್ಲ. ಬ್ಯಾಟಿಂಗ್ ಸರದಿಗಾಗಿ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದ ಲಾರೆನ್ಸ್ ಬೆರಾ, ಸಿನಿಮಾದಲ್ಲಿ ಕಂಡ ಭಾರತದ ಯೋಗಿಯಂತೆ ಗೆಳೆಯನ ಕಣ್ಣಿಗೆ ಕಂಡರೆಂದು ಹೇಳುತ್ತಾರೆ.

ಕ್ಯಾಟ್‌ಫಿಶ್ ಹಂಟರ್ ಅವರ ಚೀಟಿಯನ್ನು ಪೂರ್ತಿ ಹೊಡೆದುಹಾಕಿ ಹೊಸದಾಗಿ ಬರೆದೆ. ಆರು ವರ್ಷದ ಬಾಲಕ ಮನೆ ಬಿಟ್ಟು ಓಡಿ ಮೀನು ಹಿಡಿಯುತ್ತಿದ್ದ ಎಂಬ ಕಥೆಯನ್ನು ಮೊದಲು ನಿಜವೆಂದೇ ದಾಖಲಿಸಿದ್ದೆ. ಆದರೆ ಕ್ಯಾನ್ಸಸ್ ಸಿಟಿ ತಂಡದ ಒಡೆಯ ಚಾರ್ಲಿ ಫಿನ್ಲೆ, ಹಂಟರ್ ಅವರ ಜಿಮ್ ಎಂಬ ಹೆಸರು ಸಪ್ಪೆಯೆನಿಸಿ, ಹೆಸರನ್ನೂ ಕಥೆಯನ್ನೂ ತಾವೇ ಕಟ್ಟಿದ್ದರು. ಪ್ರಚಾರಕ್ಕಾಗಿ ಒಡೆಯರು ಅಂಟಿಸಿದ ಹೆಸರುಗಳಿಗೆ ಇದರಿಂದ ಮೂರನೆಯ ಕಟ್ಟು ಹುಟ್ಟಿತು.

ತಂಡಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಪಿಟ್ಸ್‌ಬರ್ಗ್‌ನದು. ಫಿಲಡೆಲ್ಫಿಯಾ ತಂಡ ಲೂ ಬಿಯರ್‌ಬಾವರ್ ಅವರ ಹೆಸರನ್ನು ಬೇರೆ ತಂಡ ಸೇರಿಸಿಕೊಳ್ಳದಂತೆ ಆಟಗಾರರನ್ನು ಕಾಯ್ದಿರಿಸುವ ತನ್ನ ಪಟ್ಟಿಗೆ ಸೇರಿಸಲು ಮರೆತಿತ್ತು. 1891ರ ಋತುವಿಗೆ ಪಿಟ್ಸ್‌ಬರ್ಗ್ ಅವರನ್ನು ಸೇರಿಸಿಕೊಂಡಾಗ ಎದುರಾಳಿಗಳು ಅದನ್ನು ಕಡಲ್ಗಳ್ಳತನವೆಂದು ಜರೆದರು. ಆ ಬೈಗುಳವನ್ನೇ ತಂಡ ತಲೆಯ ಮೇಲೆ ಹೊತ್ತುಕೊಂಡು ಪೈರೇಟ್ಸ್ ಆಯಿತು.

ವಿಲಿಯಂ ಹಾಯ್ ಅವರ ಚೀಟಿಯ ಮುಂದೆ ಮಾತ್ರ ಹಲವು ಸಂಜೆಗಳು ಕಳೆದವು. ಮೂರನೆಯ ವಯಸ್ಸಿನಲ್ಲಿ ಮೆದುಳುಜ್ವರದಿಂದ ಕೇಳುವ ಶಕ್ತಿ ಕಳೆದುಕೊಂಡ ಅವರು 1888ರಿಂದ 1902ರವರೆಗೆ ಮೇಲ್ಮಟ್ಟದ ಲೀಗುಗಳಲ್ಲಿ ಆಡಿದರು. 1889ರ ಒಂದೇ ಪಂದ್ಯದಲ್ಲಿ ಔಟ್‌ಫೀಲ್ಡಿನಿಂದ ಚೆಂಡೆಸೆದು ಮೂವರು ಓಟಗಾರರನ್ನು ಓಟ ಪೂರ್ತಿಯಾಗುವ ಹೋಮ್ ಪ್ಲೇಟಿನಲ್ಲಿ ಔಟ್ ಮಾಡಿಸಿದರು. ಕಿವುಡ ಆಟಗಾರರನ್ನು ಆ ಕಾಲ ಕರೆಯುತ್ತಿದ್ದಂತೆ ಅವರನ್ನೂ ‘ಡಮ್ಮಿ’ ಎಂದೇ ಕರೆಯಿತು. ಅದನ್ನು ‘ಮೂಗ’ ಎಂದು ಕನ್ನಡಕ್ಕೆ ತಂದರೆ ಆ ಅವಮಾನವನ್ನು ನಾನೇ ಎರಡನೆಯ ಸಲ ಮಾಡಿದಂತಾಗುತ್ತದೆ. ಬಿಟ್ಟುಬಿಟ್ಟರೆ ಅಂದಿನ ಪತ್ರಿಕೆಗಳಲ್ಲಿ ಅವರನ್ನು ಹುಡುಕುವವರಿಗೆ ದಾರಿ ತಪ್ಪುತ್ತದೆ. ಕೊನೆಗೆ ತಲೆಬರಹದಲ್ಲಿ ಅವರ ನಿಜನಾಮವನ್ನೇ ಇಟ್ಟು, ಇಂಗ್ಲಿಷ್ ಪದವನ್ನು ಅನುವಾದಿಸದೆ ಹಿಂಬದಿಯಲ್ಲಿ ಬರೆದೆ. ತೊಂಬತ್ತೊಂಬತ್ತರ ವಯಸ್ಸಿನಲ್ಲಿ, ವರ್ಷದ ಚಾಂಪಿಯನ್ ತಂಡವನ್ನು ನಿರ್ಣಯಿಸುವ 1961ರ ವರ್ಲ್ಡ್ ಸೀರೀಸ್‌ನ ಮೂರನೆಯ ಪಂದ್ಯಕ್ಕೆ ಸಿನ್ಸಿನಾಟಿಯಲ್ಲಿ ಅವರು ಗೌರವದ ಮೊದಲ ಚೆಂಡೆಸೆದರೆಂಬ ಸಾಲು ಮುಂಬದಿಯಲ್ಲಿದೆ. ಚೀಟಿ ಸದ್ಯಕ್ಕೆ ಯಾವ ಕಟ್ಟಿಗೂ ಸೇರದೆ ಪೆಟ್ಟಿಗೆಯಲ್ಲಿ ಬೇರೆಯಾಗಿಯೇ ನಿಂತಿದೆ.