ಬಾಲ್‌ಗೆ ಗಾಳಿ ಕಡಿಮೆ ಇದೆ ಮೇಡಂ

ನಮ್ಮ ವಾಟ್ಸಾಪ್ ಗುಂಪಿನ ಹೆಸರು ಆಗ 'ಸಂಡೇ ಫುಟ್ಸಾಲ್'. ಫುಟ್ಸಾಲ್ ಅಂದರೆ ಚಿಕ್ಕ ಅಂಗಳದ ಫುಟ್‌ಬಾಲ್. ಹತ್ತು ಹನ್ನೆರಡು ಹೆಂಗಸರು ಭಾನುವಾರ ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ಒಂದು ಕೃತಕ ಹುಲ್ಲಿನ ಟರ್ಫ್‌ನಲ್ಲಿ ಸೇರುತ್ತೇವೆ. ಬಾಡಿಗೆ ಹಂಚಿಕೊಂಡು ಒಂದು ಗಂಟೆ ಆಡುತ್ತೇವೆ, ಆಮೇಲೆ ದರ್ಶಿನಿಯಲ್ಲಿ ಇಡ್ಲಿ ವಡೆ ತಿಂದು ಮನೆಗೆ. ಐದೈದು ಜನ, ಚಿಕ್ಕ ಗೋಲು. ಮೂರು ವರ್ಷ ಅದನ್ನೇ ಫುಟ್ಸಾಲ್ ಅಂದುಕೊಂಡಿದ್ದೆವು.

2025ರ ಜನವರಿಯಲ್ಲಿ ಭಾರತದ ಮಹಿಳಾ ಫುಟ್ಸಾಲ್ ತಂಡ ಮೊದಲ ಸಲ ಅಂತರರಾಷ್ಟ್ರೀಯ ಪಂದ್ಯಕ್ಕೆ ಇಳಿಯಿತು. ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ, ಏಷ್ಯನ್ ಕಪ್‌ನ ಅರ್ಹತಾ ಸುತ್ತಿನಲ್ಲಿ. ಅಲ್ಲಿಯವರೆಗೆ ದೇಶಕ್ಕೆ ಮಹಿಳೆಯರ ಫುಟ್ಸಾಲ್ ತಂಡವೇ ಇರಲಿಲ್ಲ ಅನ್ನುವುದು ನಮಗೆ ಗೊತ್ತಾದದ್ದೂ ಆಗಲೇ. ಗಂಡಸರ ತಂಡ ಕೂಡ 2023ರಲ್ಲಷ್ಟೇ ಶುರುವಾಗಿತ್ತು.

ನಿಜ ಹೇಳಬೇಕೆಂದರೆ ಆ ತಿಂಗಳು ನನ್ನ ಕಣ್ಣೆಲ್ಲ ದೆಹಲಿ ಮೇಲಿತ್ತು. ಅಲ್ಲಿ ಖೋಖೋ ಮೊದಲ ವಿಶ್ವಕಪ್ ನಡೆಯುತ್ತಿತ್ತು. ನಾನು ಚಿತ್ರದುರ್ಗದ ಕಡೆಯವಳು, ಹೈಸ್ಕೂಲಿನಲ್ಲಿ ಖೋಖೋ ಬಿಟ್ಟು ಬೇರೆ ಆಟ ಆಡಿದವಳಲ್ಲ. ಫೈನಲ್‌ನಲ್ಲಿ ನಮ್ಮ ಹುಡುಗಿಯರು ನೇಪಾಳವನ್ನು 78-40ರಿಂದ ಸೋಲಿಸಿದರು. ತಂಡದಲ್ಲಿ ನಮ್ಮ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಆ ಖುಷಿಯಲ್ಲಿ ಫುಟ್ಸಾಲ್ ಸುದ್ದಿ ನನ್ನ ತಲೆಯಿಂದ ಜಾರಿಯೇ ಹೋಗಿತ್ತು.

ಬಿಡದವರು ನಮ್ಮ ಗುಂಪಿನ ಪಿ.ಟಿ. ಮೇಡಂ. "ನಾವು ಆಡ್ತಿರೋದು ಫುಟ್ಸಾಲೇ ಅಲ್ಲ ಕಣ್ರೇ. ಒಂದು ದಿನ ಸರಿಯಾಗಿ ಆಡೋಣ" ಎಂದು ಹಟ ಹಿಡಿದರು. ಫೆಬ್ರವರಿಯ ಒಂದು ಭಾನುವಾರ, ಪರಿಚಯದ ಒಂದು ಕಾಲೇಜಿನ ಒಳಾಂಗಣವನ್ನು ಎರಡು ಗಂಟೆಗೆ ಕೇಳಿ ಪಡೆದರು. ಮರದ ನೆಲ, ಅದರ ಮೇಲೆ ಹ್ಯಾಂಡ್‌ಬಾಲ್ ಗೆರೆ. ಫುಟ್ಸಾಲ್‌ಗೂ ಅದೇ 40 ಮೀಟರ್ ಉದ್ದ, 20 ಮೀಟರ್ ಅಗಲ ಸಾಕಂತೆ. ಗೋಲು ಕೂಡ ಅದೇ ಅಳತೆ, 3 ಮೀಟರ್ ಅಗಲ, 2 ಮೀಟರ್ ಎತ್ತರ.

ಬಾಗಿಲಲ್ಲೇ ತಡೆ. ವಾಚ್‌ಮನ್ ಅಣ್ಣ ನಮ್ಮ ಶೂ ನೋಡಿ ಕೈ ಅಡ್ಡ ಹಿಡಿದರು. "ಮುಳ್ಳಿನ ಶೂ ಹಾಕ್ಕೊಂಡು ಒಳಗೆ ಬರಂಗಿಲ್ಲ. ನೆಲ ಗೀರು ಬಿದ್ರೆ ನನ್ನ ಕೆಲಸ ಹೋಗುತ್ತೆ." ನ್ಯಾಯವೇ ಅಲ್ವಾ? ಕೆಲವರು ವಾಕಿಂಗ್ ಶೂನಲ್ಲಿ ಬಂದಿದ್ದರಿಂದ ಬಚಾವಾದರು. ನಾನು ಪಿ.ಟಿ. ಮೇಡಂ ಚೀಲದಲ್ಲಿದ್ದ ಹಳೇ ಬ್ಯಾಡ್ಮಿಂಟನ್ ಶೂ ಹಾಕಿಕೊಂಡೆ. ಅರ್ಧ ಇಂಚು ದೊಡ್ಡದು, ಇಡೀ ದಿನ ಲೊಟಕ್ ಲೊಟಕ್.

ಅಣ್ಣ ನಮ್ಮ ಬಾಲನ್ನೂ ಒತ್ತಿ ನೋಡಿದರು. ನೆಲಕ್ಕೆ ಬಿಟ್ಟರು. ಅದು ಮೊಣಕಾಲೆತ್ತರಕ್ಕೆ ಎದ್ದು ಸುಮ್ಮನಾಯಿತು. "ಬಾಲ್‌ಗೆ ಗಾಳಿ ಕಡಿಮೆ ಇದೆ ಮೇಡಂ, ಪಂಪ್ ತರ್ಲಾ?"

ನನಗೂ ಹಾಗೇ ಅನ್ನಿಸಿತ್ತು. ಪಿ.ಟಿ. ಮೇಡಂ ನಕ್ಕರು. ಫುಟ್ಸಾಲ್ ಬಾಲ್ ಇರಬೇಕಾದ್ದೇ ಹಾಗೆ. ಗಾತ್ರ ನಾಲ್ಕನೇ ನಂಬರು, ಮಾಮೂಲಿ ಬಾಲ್‌ಗಿಂತ ಚಿಕ್ಕದು. 2 ಮೀಟರ್ ಎತ್ತರದಿಂದ ಬಿಟ್ಟರೆ 50ರಿಂದ 65 ಸೆಂಟಿಮೀಟರ್ ಮಾತ್ರ ಪುಟಿಯಬೇಕು. ನೆಲಕ್ಕೆ ಅಂಟಿಕೊಂಡು ಓಡಲಿ ಅಂತ. ಅಣ್ಣ ನಂಬಿದಂತೆ ಕಾಣಲಿಲ್ಲ.

ಆಟ ಶುರುವಾಯಿತು. ಮೊದಲ ಎರಡೇ ನಿಮಿಷಕ್ಕೆ ನಮ್ಮ ಮೂರು ವರ್ಷದ ಗರ್ವ ಇಳಿಯಿತು. ಟರ್ಫ್‌ನಲ್ಲಿ ಸುತ್ತ ಬಲೆ ಇರುತ್ತದೆ. ಒದ್ದ ಬಾಲ್ ಬಲೆಗೆ ಬಡಿದು ವಾಪಸ್ ಬರುತ್ತದೆ, ಆಟ ನಿಲ್ಲುವುದಿಲ್ಲ. ಇಲ್ಲಿ ಗೆರೆ ದಾಟಿದರೆ ಹೊರಗೆ. ಎದುರಾಳಿ ಬಾಲನ್ನು ಗೆರೆ ಮೇಲಿಟ್ಟು ಕಾಲಿನಲ್ಲೇ ಒಳಗೆ ಹಾಕುತ್ತಾರೆ, ಅದೂ ನಾಲ್ಕು ಸೆಕೆಂಡಿನೊಳಗೆ. ರೆಫ್ರಿಯಾಗಿದ್ದ ಮೇಡಂ ಕೈ ಮೇಲೆತ್ತಿ ಬೆರಳು ಬಿಚ್ಚುತ್ತಾ ಎಣಿಸುತ್ತಿದ್ದರು. ನಾಲ್ಕು ಸೆಕೆಂಡು ಎಷ್ಟು ಚಿಕ್ಕದು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು "ಯಾರಿಗ್ ಕೊಡ್ಲೇ?" ಅಂತ ಕೇಳುವಷ್ಟರಲ್ಲಿ ಬಾಲ್ ಎದುರಾಳಿಯದ್ದಾಗಿತ್ತು. ಒಂದಲ್ಲ, ಮೂರು ಸಲ.

ಫೌಲ್ ಕಥೆ ಇನ್ನೂ ಕೆಟ್ಟದು. ಅರ್ಧ ಆಟದಲ್ಲಿ ಒಂದು ತಂಡದ ಫೌಲ್ ಐದು ದಾಟಿದರೆ, ಆರನೆಯದರಿಂದ ಎದುರಾಳಿಗೆ 10 ಮೀಟರ್ ದೂರದಿಂದ ನೇರ ಒದೆ. ಅಡ್ಡ ಗೋಡೆ ಕಟ್ಟಿ ನಿಲ್ಲುವ ಹಾಗಿಲ್ಲ. ಗೋಲ್‌ಕೀಪರ್ ಒಬ್ಬಳೇ. ನಮ್ಮ ಬ್ಯಾಂಕ್ ಅಕ್ಕ ಭುಜ ಕೊಟ್ಟು ತಳ್ಳುವುದರಲ್ಲಿ ನಿಪುಣೆ, ಟರ್ಫ್‌ನಲ್ಲಿ ಅದನ್ನು ಯಾರೂ ಲೆಕ್ಕ ಇಟ್ಟವರಲ್ಲ. ಹನ್ನೊಂದು ನಿಮಿಷಕ್ಕೆ ಆರು ಫೌಲ್, ಅದರಲ್ಲಿ ನಾಲ್ಕು ಅವರದ್ದು. ಎದುರು ತಂಡದ ಹುಡುಗಿ ಒದ್ದ ಬಾಲ್ ಗೋಲ್‌ಕೀಪರ್ ಕಾಲಿನ ಸಂದಿಯಲ್ಲಿ ಹೋಯಿತು. ಬ್ಯಾಂಕ್ ಅಕ್ಕ, "ಬಡ್ಡಿ ಸಮೇತ ವಸೂಲಿ ಆಯ್ತು ಬಿಡ್ರೇ" ಎಂದರು.

ಬಾಲ್ ಹೊರಗೆ ಹೋದಾಗಲೆಲ್ಲ ಗಡಿಯಾರ ನಿಲ್ಲುತ್ತದೆ. 20 ನಿಮಿಷದ ಅರ್ಧ ಆಟ ಮುಗಿಯಲು ನಮಗೆ ಮುಕ್ಕಾಲು ಗಂಟೆಯೇ ಹಿಡಿಯಿತು.

ವಿರಾಮದಲ್ಲಿ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ನೀವು ಪಾಸ್ ಕೊಟ್ಟು ನಿಂತುಬಿಡ್ತೀರಲ್ಲ, ಯಾಕೆ?"

ಯೋಚಿಸಿದೆ. ಖೋಖೋದಲ್ಲಿ ಖೋ ಕೊಟ್ಟವಳು ಆ ಜಾಗದಲ್ಲೇ ಕೂರಬೇಕು. ಎದ್ದವಳು ಓಡುತ್ತಾಳೆ. ಇಪ್ಪತ್ತು ವರ್ಷದ ಹಿಂದಿನ ಅಭ್ಯಾಸ ಕಾಲಿನಲ್ಲಿ ಹಾಗೇ ಉಳಿದಿತ್ತು. ಇಲ್ಲಿ ಉಲ್ಟಾ. ಖೋ ಕೊಟ್ಟವಳೇ ಓಡಬೇಕು. ಅವಳು ಬಿಟ್ಟ ಜಾಗಕ್ಕೆ ಇನ್ನೊಬ್ಬಳು ಬರಬೇಕು. ನಾಲ್ಕೂ ಜನ ಹೀಗೆ ಸುತ್ತುತ್ತಲೇ ಇರಬೇಕು. ಇದನ್ನು ಖೋಖೋ ಭಾಷೆಯಲ್ಲಿ ಹೇಳಿಕೊಂಡ ಮೇಲೆ ನನಗೆ ಅರ್ಥವಾಯಿತು. ಎರಡನೇ ಅರ್ಧದಲ್ಲಿ ಒಂದೇ ಒಂದು ಸಲ, ಪಾಸ್ ಕೊಟ್ಟು ಓಡಿದೆ. ಬಾಲ್ ನನ್ನ ಕಾಲಿಗೇ ವಾಪಸ್ ಬಂತು. ಬಾಲ್ ಬಂದ ಗಾಬರಿಗೆ ಗೋಲಿನ ಮೇಲಿಂದ ಆಚೆ ಒದ್ದೆ. ಆದರೂ ಆ ಒಂದು ಕ್ಷಣ ಬಹಳ ಚೆನ್ನಾಗಿತ್ತು.

7-2ರಿಂದ ಸೋತೆವು. ಇಡ್ಲಿ ತಿನ್ನುವಾಗ ಮಾತು ಯೋಗ್ಯಕರ್ತಾದ ಕಡೆ ತಿರುಗಿತು. ನಮ್ಮ ತಂಡ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಲಿಲ್ಲ. ಸುದ್ದಿ ಬಂದಾಗ "ಅಯ್ಯೋ, ಅಷ್ಟೇನಾ?" ಅಂದವರಲ್ಲಿ ನಾನೂ ಒಬ್ಬಳು. ಬೆಳಿಗ್ಗೆಯ ಆಟದ ಮೇಲೆ ಆ ಮಾತು ನೆನೆದು ನಾಚಿಕೆಯಾಯಿತು. ಊರ ತುಂಬ ಟರ್ಫ್ ಇದೆ. ಎರಡು ಗಂಟೆ ಮರದ ನೆಲ ಸಿಗಬೇಕಾದರೆ ಮೇಡಂ ಮೂರು ವಾರ ಫೋನ್ ಮಾಡಿದ್ದರು.

ಆ ವರ್ಷದ ಕೊನೆಗೆ ಫಿಲಿಪೀನ್ಸ್‌ನಲ್ಲಿ ಮಹಿಳೆಯರ ಮೊದಲ ಫುಟ್ಸಾಲ್ ವಿಶ್ವಕಪ್ ನಡೆಯಿತು. ಗಂಡಸರದ್ದು 1989ರಲ್ಲೇ ಶುರುವಾಗಿತ್ತು, ಇವರಿಗೆ 36 ವರ್ಷ ತಡ. ಫೈನಲ್‌ನಲ್ಲಿ ಬ್ರೆಜಿಲ್ ಪೋರ್ಚುಗಲ್ ಅನ್ನು 3-0ಯಿಂದ ಸೋಲಿಸಿತು. ನಾನು ಗೋಲಿಗಿಂತ ಜಾಸ್ತಿ ಪಾಸ್ ಕೊಟ್ಟವರ ಕಾಲನ್ನೇ ನೋಡುತ್ತಿದ್ದೆ. ಒಬ್ಬರೂ ನಿಲ್ಲುತ್ತಿರಲಿಲ್ಲ.

ಫೆಬ್ರವರಿಯ ಆ ಭಾನುವಾರ ಕಾಲೇಜಿನಿಂದ ಹೊರಡುವಾಗ ವಾಚ್‌ಮನ್ ಅಣ್ಣ ಮತ್ತೆ ಬಾಲ್ ಒತ್ತಿ ನೋಡಿ, "ಮುಂದಿನ ಸಲ ಗಾಳಿ ಹೊಡೆಸ್ಕೊಂಡು ಬನ್ನಿ" ಎಂದರು. ರಾತ್ರಿ ಬ್ಯಾಂಕ್ ಅಕ್ಕ ಗುಂಪಿನ ಹೆಸರನ್ನು 'ಸಂಡೇ ಟರ್ಫ್' ಅಂತ ಬದಲಾಯಿಸಿದರು. ಪಿ.ಟಿ. ಮೇಡಂ ಅದರ ಪಕ್ಕ 'ಸದ್ಯಕ್ಕೆ' ಅಂತ ಸೇರಿಸಿದರು.